ಸದರಿ ಬೇಲಿಯ ಬಗ್ಗೆ ಯಾವುದೇ ತಕರಾರು ಇರುವುದಿಲ್ಲ

ನಮ್ಮ ದೇಶದಲ್ಲಿ ಮನೆ ಮಾರುವವರು ಸತ್ಯವನ್ನೇ ಹೇಳತಕ್ಕದ್ದು. ಅದಕ್ಕೆಂದು ಮೂವತ್ತು ಪುಟಗಳ ನಮೂನೆಯೊಂದಿದೆ. ಛಾವಣಿ ಸೋರುತ್ತದೆಯೇ, ಚರಂಡಿ ಯಾರ ಜಾಗದಲ್ಲಿ ಹಾದುಹೋಗುತ್ತದೆ, ಬೇಲಿ ಯಾರ ಪಾಲಿನದು, ಇವೆಲ್ಲವನ್ನೂ ಮಾರುವವರೇ ಕೈಯಾರೆ ಬರೆದು ಸಹಿ ಹಾಕಬೇಕು. ಲ್ಯಾಂಕಶೈರಿನ ಒಂದು ಸಣ್ಣ ಊರಿನ ವಕೀಲರ ಕಚೇರಿಯಲ್ಲಿ ಈ ನಮೂನೆಗಳನ್ನು ಪರಿಶೀಲಿಸುವ ಗುಮಾಸ್ತ ನಾನು. ಛಾವಣಿಯ ಬಗ್ಗೆ ಸುಳ್ಳು ಬರೆದವರನ್ನು ಬೇಕಾದಷ್ಟು ನೋಡಿದ್ದೇನೆ. ನೆರೆಮನೆಯ ಬಗ್ಗೆ ನಿಜ ಬರೆದವರನ್ನು ನೋಡಿದ್ದು ಒಬ್ಬರನ್ನೇ.

ಅವರು ಹದಿನಾಲ್ಕನೇ ನಂಬರಿನ ಮನೆಯ ಮ್ಯೂರಿಯಲ್ ಎಂಟ್ವಿಸಲ್, ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದ ವಿಧವೆ. ಮನೆ ಮಾರಿ ಸಮುದ್ರದ ಕಡೆ ಒಂದು ಪುಟ್ಟ ಫ್ಲ್ಯಾಟಿಗೆ ಹೋಗುವ ಯೋಚನೆಯಲ್ಲಿದ್ದರು. ಕೊಳ್ಳುವವರು ಹೆಟ್ಟಿ ಮತ್ತು ಡೆಸ್ಮಂಡ್ ಎಂಬ ಗಂಡ ಹೆಂಡತಿ. ಡೆಸ್ಮಂಡ್ ಮೀನು ಕರಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಇಬ್ಬರೂ ಅದೇ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದರು. ಹೆಟ್ಟಿಯ ಹೆರಿಗೆಗೆ ಎಂಟು ವಾರ ಉಳಿದಿತ್ತು. ಮಗುವಿನ ಮೊದಲ ಉಸಿರಿಗೆ ಕರಿದೆಣ್ಣೆಯ ವಾಸನೆ ಬೇಡ ಎನ್ನುವುದಷ್ಟೇ ಅವಳ ಆಸೆ.

ನಮೂನೆಯ ಒಂದು ಪ್ರಶ್ನೆ ಹೀಗಿದೆ: ನೆರೆಯವರೊಂದಿಗೆ ತಕರಾರು ಇದೆಯೇ, ಅಥವಾ ಮುಂದೆ ತಕರಾರಿಗೆ ಕಾರಣವಾಗಬಹುದಾದ ಸಂಗತಿ ಏನಾದರೂ ಇದೆಯೇ? ಎಲ್ಲರೂ "ಇಲ್ಲ" ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಮ್ಯೂರಿಯಲ್ ಬರೆದದ್ದು: "ಇಲ್ಲ. ಇಪ್ಪತ್ತಾರು ವರ್ಷದಿಂದ ಮಾತೇ ಇಲ್ಲ."

ನಾನು ಅವರನ್ನು ಕರೆಸಿದೆ.

"ಜಗಳ ಏನಾದ್ರೂ ಆಗಿತ್ತಾ ಮೇಡಂ?"

"ಛೆ ಛೆ, ಜಗಳ ಯಾಕಾಗುತ್ತೆ? ಪಕ್ಕದ ಮನೆ ಬರ್ನಾರ್ಡ್ ಕ್ಲೆಗ್ ಅವ್ರು ನಡುವಿನ ಹಸಿರು ಬೇಲೀನ ಒಂದು ಮೊಳ ಜಾಸ್ತಿ ಕತ್ತರಿಸಿಬಿಟ್ರು. ಹೇಗಿದೆ ಅಂತ ಕೇಳಿದ್ರು. ಪರವಾಗಿಲ್ಲ ಬಿಡಿ ಅಂದೆ."

"ಆಮೇಲೆ?"

"ಆಮೇಲೇನು? ಅಷ್ಟೇ."

ನಮ್ಮ ಕಡೆ "ಪರವಾಗಿಲ್ಲ ಬಿಡಿ" ಎನ್ನುವುದಕ್ಕಿಂತ ಕಟುವಾಗಿ ಯಾರೂ ಬೈಯುವುದಿಲ್ಲ. ಕೇಳಿದ ನನ್ನ ಕಿವಿಯೇ ಬಿಸಿಯಾಯಿತು.

ನಮ್ಮ ವಕೀಲರಾದ ಥ್ರೆಲ್ಫಾಲ್ ಅವರು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಯಾರೂ ದೂರು ಕೊಟ್ಟಿಲ್ಲವಾದ್ದರಿಂದ ತಕರಾರು ಇಲ್ಲ. ಆದರೆ ತಕರಾರಾಗಬಹುದಾದ ಸಂಗತಿ ಇದೆ. ಆದ್ದರಿಂದ ಕ್ಲೆಗ್ ಅವರಿಗೆ ಪತ್ರ ಹೋಯಿತು. "ವಿಷಯ: ತಮಗೆ ಬೇಸರ ಇದೆಯೇ ಎಂಬ ಬಗ್ಗೆ." ಮರುಟಪಾಲಿನಲ್ಲೇ ಉತ್ತರ ಬಂತು: "ನನಗೆ ಯಾವ ಬೇಸರವೂ ಇಲ್ಲ. ಕಳೆದ ಇಪ್ಪತ್ತಾರು ವರ್ಷ ಎರಡು ತಿಂಗಳಿಂದಲೂ ಇಲ್ಲ."

ತಿಂಗಳುಗಳ ಲೆಕ್ಕ ನೋಡಿ, ಕೊಳ್ಳುವವರ ವಕೀಲರು ಗಾಬರಿಯಾದರು. ತಕರಾರು ಇತ್ಯರ್ಥವಾಗಿದೆ ಎಂಬ ಪ್ರಮಾಣಪತ್ರ ಬೇಕೇ ಬೇಕು ಎಂದರು. ಇತ್ಯರ್ಥವಾಗಲು ತಕರಾರು ಇರಬೇಕು. ತಕರಾರು ಇರಲು ಯಾರಾದರೂ ಒಬ್ಬರು ದೂರಬೇಕು. ಇಬ್ಬರೂ ಮರ್ಯಾದಸ್ಥರು, ಜಪ್ಪಯ್ಯ ಅಂದರೂ ದೂರಲೊಲ್ಲರು. ಹೀಗೆ ನಾಲ್ಕು ವಾರ ಕಳೆಯಿತು.

ಒಂದು ಬೆಳಿಗ್ಗೆ ಹೆಟ್ಟಿ ಫೋನ್ ಮಾಡಿದಳು. "ಸಾರ್, ನನ್ ಕಾಲು ಊದ್ಕೊಂಡಿದೆ, ಈ ಮೆಟ್ಟಿಲು ಹತ್ತಕ್ಕಾಗ್ತಿಲ್ಲ. ಅವರಿಬ್ರೂ ಒಂದ್ಸಲ ಚೆನ್ನಾಗಿ ಜಗಳ ಆಡ್ಬಿಡಬಾರ್ದಾ?"

ಅವಳ ದನಿ ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಅಂದೇ ಪ್ರಕಟಣೆ ಹೊರಡಿಸಿದೆ:

"ಸದರಿ ಬೇಲಿಗೆ ಸಂಬಂಧಿಸಿದ ಜಗಳವನ್ನು ಬರುವ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಈ ಕಚೇರಿಯಲ್ಲಿ ಏರ್ಪಡಿಸಲಾಗಿದೆ. ಪ್ರತಿ ಪಕ್ಷಕ್ಕೆ ಹತ್ತು ನಿಮಿಷ. ದನಿ ಏರಿಸುವವರು ಮುಂಚಿತವಾಗಿ ತಿಳಿಸತಕ್ಕದ್ದು. ಚಹಾ ಮತ್ತು ಬಿಸ್ಕತ್ತಿನ ವ್ಯವಸ್ಥೆ ಇರುತ್ತದೆ."

ಇಬ್ಬರೂ ಹತ್ತು ನಿಮಿಷ ಮೊದಲೇ ಬಂದರು.

"ನೀವು ಮೊದ್ಲು ಬೈಯಿರಿ," ಎಂದರು ಕ್ಲೆಗ್.

"ಅಯ್ಯೋ, ಬೇಡಪ್ಪ. ನೀವೇ ಶುರು ಮಾಡಿ."

"ಎಲ್ಲಾದ್ರೂ ಉಂಟೇ? ನೀವು ಹಿರಿಯರು."

"ಹಿರಿಯರಾ? ನಾನಾ?" ಮ್ಯೂರಿಯಲ್ ಅವರ ಮುಖ ಕೆಂಪಾಯಿತು. ಜಗಳ ಆರಂಭವಾದ ಸಮಯ ಮೂರು ಗಂಟೆ ನಾಲ್ಕು ನಿಮಿಷ ಎಂದು ನಾನು ಬರೆದುಕೊಂಡೆ. "ಆ ಬೇಲಿ ನೆಟ್ಟಿದ್ದು ನನ್ನ ಗಂಡ ಕಣ್ರೀ. ಅವರು ತೀರ್ಕೊಂಡು ವರ್ಷ ಆಗಿರ್ಲಿಲ್ಲ. ನೀವು ಕತ್ತರಿ ಹಿಡ್ಕೊಂಡು ಬಂದ್ಬಿಟ್ರಿ."

ಕ್ಲೆಗ್ ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕಲಕಿದರು.

"ಬೇಲಿ ಎತ್ತರ ಇದ್ರೆ ಪಿಯಾನೋ ಕೇಳ್ಸೋದಿಲ್ಲ," ಎಂದರು ಕೊನೆಗೆ. "ಸಂಜೆ ಐದಕ್ಕೆ ನುಡಿಸ್ತೀರಲ್ಲ, ಅದು. ಅವತ್ತಿಂದ ಒಂದಿನಾನೂ ತಪ್ಪಿಸಿಲ್ಲ ನಾನು."

"ಬಾಯಿಬಿಟ್ಟು ಹೇಳಬಾರ್ದಿತ್ತೇನ್ರೀ?"

"ಹೇಗೆ ಹೇಳ್ಲಿ? ನೀವು ಪರವಾಗಿಲ್ಲ ಬಿಡಿ ಅಂದ್ಬಿಟ್ರಲ್ಲ!"

ನಡಾವಳಿಯಲ್ಲಿ "ಉಭಯ ಪಕ್ಷಗಳು ಮೂಗು ಒರೆಸಿಕೊಂಡವು" ಎಂದು ದಾಖಲಿಸಿದೆ. ನನ್ನ ಮೂಗು ಈ ಕಡತಕ್ಕೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಪ್ರಮಾಣಪತ್ರ ಸಿದ್ಧವಾಯಿತು. ಆದರೆ ಥ್ರೆಲ್ಫಾಲ್ ಅವರು ನಡಾವಳಿಯನ್ನು ಓದಿ, ಹೊಸ ಸಂಗತಿಯೊಂದು ಬೆಳಕಿಗೆ ಬಂದಿದೆ ಎಂದರು. ಪಿಯಾನೋ ಸಮುದ್ರದ ಕಡೆ ಹೋದರೆ ನೆರೆಯವರಿಗೆ ದುಃಖವಾಗುತ್ತದೆ. ದುಃಖ ಮುಂದೆ ತಕರಾರಾಗಬಹುದು. ಇದನ್ನು ಘೋಷಿಸಲೇಬೇಕು. ಘೋಷಿಸಿದೆವು. ಪ್ರತಿದಿನ ಐದು ಗಂಟೆಗೆ ಪಿಯಾನೋ ನುಡಿಸುವ ಹೊಣೆ ಯಾರದೆಂದು ಕೊಳ್ಳುವವರ ವಕೀಲರು ಲಿಖಿತವಾಗಿ ಕೇಳಿದರು.

"ನಂಗೆ ಬರಲ್ಲ ಸಾರ್," ಹೆಟ್ಟಿ ಅಳುವುದೊಂದು ಬಾಕಿ. "ಡೆಸ್ಮಂಡ್‌ಗಂತೂ ಮೀನು ಕರಿಯೋದು ಬಿಟ್ರೆ ಇನ್ನೇನೂ ಬರಲ್ಲ."

ಗುರುವಾರ ಕ್ಲೆಗ್ ಅವರೊಬ್ಬರೇ ಬಂದರು. ಟೋಪಿ ಕೈಯಲ್ಲಿತ್ತು.

"ಪಿಯಾನೋ ನಮ್ಮನೆಗೇ ಬಂದ್ರೆ ಯಾವ ನಮೂನೆ ತುಂಬ್ಬೇಕು?"

"ಯಾವುದೂ ಬೇಡ ಸಾರ್."

"ನುಡಿಸೋರೂ ಜೊತೆಗೇ ಬಂದ್ರೆ?"

ಅದಕ್ಕೂ ನಮೂನೆ ಬೇಡ ಎಂದೆ. ಅವರು ನಂಬಲಿಲ್ಲ. ಕೊನೆಗೆ ನಾನೇ ಒಂದನ್ನು ತಯಾರಿಸಿ ಕೊಟ್ಟೆ. ಅವರೂ ಮ್ಯೂರಿಯಲ್ ಅವರೂ ಸಂತೋಷದಿಂದ ಸಹಿ ಮಾಡಿದರು.

ಪಿಯಾನೋ ಗೇಟಿನಲ್ಲಿ ಹಿಡಿಸಲಿಲ್ಲವಾದ್ದರಿಂದ ಬೇಲಿಯ ಮೇಲಿಂದ ದಾಟಿಸಬೇಕಾಯಿತು. ಅದಕ್ಕಾಗಿ ಬೇಲಿಯನ್ನು ಇನ್ನೂ ಒಂದು ಮೊಳ ಕತ್ತರಿಸಿದವರು ಸ್ವತಃ ಮ್ಯೂರಿಯಲ್. ಹೆರಿಗೆಗೆ ಆರು ದಿನ ಇರುವಾಗ ಹೆಟ್ಟಿಯ ಕೈಗೆ ಬೀಗದ ಕೈ ಸಿಕ್ಕಿತು. ಹೆಣ್ಣು ಮಗು ಹುಟ್ಟಿತು. ಗಟ್ಟಿ ಗಂಟಲು, ಪ್ರತಿದಿನ ಸಂಜೆ ಸರಿಯಾಗಿ ಐದಕ್ಕೆ, ಪಿಯಾನೋ ಶುರುವಾಗುತ್ತಿದ್ದಂತೆ, ಅಳಲು ಶುರುಮಾಡುತ್ತಿತ್ತು.

ಮೂರನೇ ವಾರ ಹೆಟ್ಟಿ ಮಗುವನ್ನೆತ್ತಿಕೊಂಡು ಕಚೇರಿಗೆ ಬಂದಳು.

"ನಿನ್ನೆ ಬೇಲಿ ಹತ್ರ ಹೋಗಿ, ಪಾಪು ಅಳೋದ್ರಿಂದ ತೊಂದ್ರೆ ಆಗ್ತಿದ್ಯಾ ಅಂತ ಮ್ಯೂರಿಯಲ್ ಅವ್ರನ್ನ ಕೇಳ್ದೆ ಸಾರ್."

"ಏನಂದ್ರು?"

"ನಕ್ಕೊಂಡು, ಪರವಾಗಿಲ್ಲ ಬಿಡಮ್ಮ ಅಂದ್ರು."

ನಾನು ನಮೂನೆಗಳ ಕಪಾಟಿನ ಕಡೆ ನೋಡಿದೆ.

"ಮನೆ ಮಾರೋ ಯೋಚನೆ ಏನಿಲ್ಲ," ಎಂದಳು ಹೆಟ್ಟಿ, "ಆದ್ರೂ ಅವ್ರು ಹಾಗಂದ ತಾರೀಖು ಮರ್ತುಹೋಗಬಾರ್ದಲ್ಲ. ಒಂದು ನಮೂನೆ ಕೊಡಿ."

ಹೊಸ ನಮೂನೆ ತೆಗೆದುಕೊಟ್ಟೆ. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು. ಹೆಟ್ಟಿ ತಾರೀಖು ಹಾಕಿ, ನಾನು ಹೇಳಿದಂತೆಯೇ ದುಂಡಗೆ ಬರೆದಳು: "ಸದರಿ ಮಗುವಿನ ಬಗ್ಗೆ ಯಾವುದೇ ತಕರಾರು ಇರುವುದಿಲ್ಲ."