ಬ್ಯಾಂಕಿನಲ್ಲಿ ಉಳಿದ ಹೆಂಡತಿ

ಲಂಡನ್ನಿನ ಸುರಂಗ ರೈಲಿನ ಇನ್ನೂರ ಎಪ್ಪತ್ತೆರಡು ನಿಲ್ದಾಣಗಳನ್ನೂ ಒಂದೇ ದಿನದಲ್ಲಿ, ಎಲ್ಲರಿಗಿಂತ ಬೇಗ ಮುಟ್ಟಿ ಬರುತ್ತೇನೆಂದು ಅರವತ್ತಾರನೆಯ ವಯಸ್ಸಿನಲ್ಲಿ ಘೋಷಿಸಿದ ಮಹಾವೀರ ನಾನೇ, ಸೆಡ್ರಿಕ್!

ಬಾಮೈದ ಡೆನ್ಜಿಲ್ ಜೊತೆ ಹತ್ತೊಂಬತ್ತು ಸಲ ಓಡಿ ಸೋತಿದ್ದೆ. ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಮೇ ತಿಂಗಳಲ್ಲಿ ನಾನು ಮತ್ತೆ ಬೂಟು ಬಿಗಿದೆ.

"ಡೆನ್ಜಿಲ್ ಹೆಸರಲ್ಲಿ ದಾಖಲೆ ಮಾಡ್ತೀನಿ!" ಎಂದೆ.

"ನಾನೂ ಬರ್ತೀನಿ," ಎಂದಳು ಹೆಂಡತಿ ಥೆಲ್ಮಾ. ಅವನು ಅವಳ ತಮ್ಮ.

"ನಿನ್ನ ಮಂಡಿ ನೋವು?"

"ಅದೂ ಬರುತ್ತೆ. ಮನೇಲಿ ಬಿಟ್ಟು ಬರೋಕಾಗುತ್ತಾ?"

ಬೆಳಗಿನ ಐದಕ್ಕೆ ಚೆಶಮ್‌ನಿಂದ ಹೊರಟೆವು. ನನ್ನ ಕನ್ನಡಕ, ಇಬ್ಬರ ಫೋನು, ಪ್ರತಿ ನಿಲ್ದಾಣದ ಸಮಯ ಬರೆಯುವ ಪುಸ್ತಕ, ಎಲ್ಲವೂ ಅವಳ ಚೀಲದಲ್ಲಿ. ಹನ್ನೊಂದರ ಹೊತ್ತಿಗೆ ಬ್ಯಾಂಕ್ ನಿಲ್ದಾಣ ತಲುಪಿದಾಗ ನಾವು ದಾಖಲೆಗಿಂತ ನಾಲ್ಕು ನಿಮಿಷ ಮುಂದಿದ್ದೆವು! ರೈಲು ಬದಲಿಸಲು ಓಡಿದೆ.

"ಸೆಡ್, ನಿಲ್ಲೋ!"

ನಾನು ಒಳಗೆ ಹಾರಿದೆ. ಬಾಗಿಲು ಮುಚ್ಚಿತು. ಗಾಜಿನಾಚೆ ಥೆಲ್ಮಾ, ಹೆಗಲಲ್ಲಿ ಚೀಲ.

ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ಬಂದರೆ ಏಳು ನಿಮಿಷ ಖೋತಾ. ಮುಂದಿನ ನಿಲ್ದಾಣ ಬಂತು. ಬಾಗಿಲು ತೆರೆಯಿತು. ನಾನು ಇಳಿಯಲಿಲ್ಲ. ಓದುಗರೇ, ಬಯ್ಯುವುದಿದ್ದರೆ ಇಲ್ಲೇ ಬಯ್ದುಬಿಡಿ!

ಪಕ್ಕದ ಹೆಂಗಸಿನಿಂದ ಪೆನ್ನು ಕೇಳಿ ಪಡೆದು ಸಮಯಗಳನ್ನು ತೋಳಿನ ಮೇಲೆ ಗೀಚತೊಡಗಿದೆ.

"ಒಬ್ಬರೇ ಬಂದಿದೀರಾ?" ಎಂದಳು.

"ಹೆಂಡ್ತಿ ಬ್ಯಾಂಕಲ್ಲಿದ್ದಾಳೆ."

"ಕೆಲಸ ಮಾಡ್ತಾರಾ?"

"ಇಲ್ಲ, ಬಿಟ್ಟು ಬಂದೆ."

ಅವಳು ಪೆನ್ನು ವಾಪಸ್ಸು ಕಿತ್ತುಕೊಂಡಳು. ಬರೆದದ್ದು ಬೆವರಿಗೆ ಕರಗಿ ಮೊಣಕೈಯಲ್ಲಿ ನೀಲಿ ಹೊಳೆ ಹರಿಯಿತು. ಕ್ಯಾಮ್ಡೆನ್ ನಿಲ್ದಾಣದಲ್ಲಿ ಇಳಿದು, ಕನ್ನಡಕವಿಲ್ಲದೆ ಫಲಕ ಓದಿದ ಪಂಡಿತ ನಾನು, ಉತ್ತರಕ್ಕೆ ಹೋಗುವ ಬದಲು ದಕ್ಷಿಣದ ರೈಲು ಹತ್ತಿದೆ!

"ಈಗೇನೋ ಮಾಡೋದು, ಡೆನ್ಜಿಲ್?" ಎಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಆ ಸೀಟಿನಲ್ಲಿ ಯಾರೋ ಮರೆತುಹೋದ ಕೊಡೆಯಿತ್ತು. ಅವನು ಸತ್ತದ್ದು ನನಗೆ ನಿಜವಾಗಿ ಗೊತ್ತಾದದ್ದು ಆಗಲೇ. ಮಣ್ಣು ಮಾಡಿದ ದಿನವೂ ನಾನು ಅತ್ತಿರಲಿಲ್ಲ. ಆ ಕೊಡೆಯ ಮುಂದೆ ಅತ್ತೆ.

ಬ್ಯಾಂಕ್‌ಗೆ ವಾಪಸ್ಸು ಬಂದೆ. ಥೆಲ್ಮಾ ಬೆಂಚಿನ ಮೇಲೆ ಮಂಡಿ ಉಜ್ಜುತ್ತ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ ತೆರೆದಿತ್ತು. '11:10, ಬ್ಯಾಂಕ್. ಸೆಡ್ರಿಕ್ ಹೋದ. 11:18, ಬರಲಿಲ್ಲ. 11:26, ಬರಲಿಲ್ಲ.' ಹೀಗೆ ಪುಟದ ತುದಿಯವರೆಗೆ.

"ದಾಖಲೆ ಆಯ್ತಾ?" ಎಂದಳು.

"ಇಲ್ಲ."

"ಅತ್ತಿದೀಯ."

"ಹೂಂ. ಈ ಮಂಡಿ ಇಟ್ಕೊಂಡು ನೀನ್ಯಾಕೆ ಬಂದೆ, ಥೆಲ್ಮಾ?"

ಅವಳು ಪುಸ್ತಕ ಮುಚ್ಚಿದಳು. "ಆಸ್ಪತ್ರೇಲಿ ಡೆನ್ಜಿಲ್ ನನ್ನ ಕೈ ಹಿಡ್ಕೊಂಡು ಕೇಳಿದ್ದ. 'ಅಕ್ಕಾ, ಭಾವ ಸುಮ್ನಿರಲ್ಲ, ಮತ್ತೆ ಓಡ್ತಾನೆ. ದಾಖಲೆ ಹಾಳಾಗ್ಲಿ, ಅವನನ್ನ ಒಬ್ಬನೇ ಬಿಡ್ಬೇಡ' ಅಂತ. ನಾನು ಬಿಡ್ಲಿಲ್ಲ ಕಣೋ, ಸೆಡ್."

ನಾನು ಚೀಲವನ್ನು ನನ್ನ ಹೆಗಲಿಗೇರಿಸಿಕೊಂಡೆ. ಅವಳು ಎರಡೂ ಕೈ ಚಾಚಿದಳು.

"ಎಬ್ಬಿಸು ಈಗ. ನಿಧಾನಕ್ಕೆ!"