ದೊರೆಸಾನಿಯ ಕೊರಳಲ್ಲಿ ಸಿಕ್ಕಿಬಿದ್ದದ್ದು

ತಮ್ಮ ಕೈಯಿಂದಲೂ ತಪ್ಪು ನಡೆಯಬಹುದೆಂದು ದರ್ಜಿ ಮಹಾಶಯರು ಮದುವೆಯಾದಾಗಿನಿಂದ ಒಮ್ಮೆಯೂ ಒಪ್ಪಿದವರಲ್ಲ. ಅಂಗಿ ಬಿಗಿಯಾದರೆ ಗಿರಾಕಿ ಊದಿದ್ದಾನೆ, ಸಡಿಲವಾದರೆ ಸೊರಗಿದ್ದಾನೆ. ಹೀಗಿರುವಾಗ ಹಿತ್ತಿಲ ಕೋಳಿ ಕಾಯಿಲೆ ಬಿದ್ದರೆ ತಪ್ಪು ಯಾರದು? ಹೆಂಡತಿಯದು. (ಕೇಳುವ ಅಗತ್ಯವೇ ಇರಲಿಲ್ಲ.)

ಕೋಳಿಯ ಹೆಸರು ದೊರೆಸಾನಿ. ಅವಳೆಂದರೆ ಮನೆಯೊಡತಿಗೆ ಪ್ರಾಣ. ಅವತ್ತು ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಉಳಿದ ಕೋಳಿಗಳೆಲ್ಲ ಕಾಳಿಗೆ ಮುಗಿಬಿದ್ದವು. ದೊರೆಸಾನಿ ಮಾತ್ರ ಮೂಲೆಯಲ್ಲಿ ಕತ್ತು ಚಾಚಿಕೊಂಡು ಮಂಕಾಗಿ ನಿಂತಿದ್ದಳು. ಹೆಂಡತಿ ಅವಳ ಕೊರಳ ಬುಡದ ಮೇವಿನ ಚೀಲ ಮುಟ್ಟಿ ನೋಡಿದವಳೇ ಹೌಹಾರಿದಳು.

“ರೀ, ಬನ್ನಿ ಇಲ್ಲಿ! ಇವಳ ಮೇವಿನ ಚೀಲ ಕಲ್ಲಾಗಿದೆ!”

“ಹೊಟ್ಟೆ ತುಂಬಿದೆ ಅಂತ ಖುಷಿಪಡೋದು ಬಿಟ್ಟು ಕಿರುಚ್ತಾಳಪ್ಪ!” ಹೊಲಿಗೆ ಯಂತ್ರದ ಮುಂದಿನಿಂದ ತೀರ್ಪು ಹೊರಬಿತ್ತು.

“ರಾತ್ರಿ ತುಂಬಿರ್ಬೇಕು, ಬೆಳಗ್ಗೆ ಖಾಲಿ ಇರ್ಬೇಕು ಕಣ್ರೀ. ಇನ್ನೂ ಇಳಿದಿಲ್ಲ ಅಂದ್ರೆ ಒಳಗೆ ಏನೋ ಸಿಕ್ಕಿಹಾಕ್ಕೊಂಡಿದೆ.”

“ನಿನ್ನ ಹುಲ್ಲೇ ಸಿಕ್ಕಿರೋದು! ಸಣ್ಣಗೆ ಕತ್ತರಿಸಿ ಹಾಕು ಅಂದ್ರೆ ಉದ್ದುದ್ದ ಎಸೀತೀಯ. ಅಳತೆ ಅನ್ನೋದು ಗೊತ್ತಿದ್ರೆ ತಾನೆ!”

ಉದ್ದ ಹುಲ್ಲು ಹಾಕಿದ್ದು ನಿಜವೇ ಆಗಿತ್ತಲ್ಲ, ಪಾಪ, ಹೆಂಡತಿಗೆ ಅಳುವೇ ಬಂತು. ಕೋಳಿಗೆ ಎಣ್ಣೆ ಕುಡಿಸಿ ಚೀಲವನ್ನು ಮೆಲ್ಲಗೆ ತಿಕ್ಕಿದಳು. ಮರುದಿನ ಬೆಳಗ್ಗೆಯೂ ಉಂಡೆ ಇದ್ದ ಹಾಗೇ ಇತ್ತು. ಈಗ ಸ್ವತಃ ಮುಟ್ಟಿ ನೋಡಿದ ದರ್ಜಿ ಹೊಲಿಗೆ ಬಿಟ್ಟು ತಾನೇ ಬುಟ್ಟಿ ತಂದ. ಅದರಲ್ಲಿ ದೊರೆಸಾನಿಯ ಸವಾರಿ ದನದ ಆಸ್ಪತ್ರೆಗೆ ಹೊರಟಿತು. ದಾರಿಯುದ್ದಕ್ಕೂ ಎದುರಾದವರಿಗೆಲ್ಲ ಅವನು ಹುಲ್ಲಿನ ಪುರಾಣ ಹೇಳಿದ್ದೇ ಹೇಳಿದ್ದು.

ಡಾಕ್ಟರಮ್ಮ ಒತ್ತಿ ನೋಡಿ, “ಇನ್ನೂ ತಡ ಮಾಡಿದ್ರೆ ಕೋಳಿ ಉಳೀತಿರಲಿಲ್ಲ” ಎಂದರು. ಹೆಂಡತಿ ಬುಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರಮ್ಮ ಸೂಜಿಮದ್ದು ಕೊಟ್ಟು, ಚೀಲವನ್ನು ಚೂರೇ ಕೊಯ್ದು, ಚಿಮಟದಿಂದ ಎಳೆದರು. ಹುಲ್ಲಲ್ಲ, ದಾರ! ಕೆಂಪು ದಾರ ಬಂತು. ಅದರ ಬಾಲ ಹಿಡಿದು ನೀಲಿ ಬಂತು. ಹಿಂದೆಯೇ ಹಳದಿ. ಎಳೆದಷ್ಟೂ ಬರುತ್ತಲೇ ಇತ್ತು. ಗಂಡ ಹೆಂಡತಿ ಇಬ್ಬರೂ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತರು.

“ಎಲ್ಲೋ ಕಸದಲ್ಲಿ ಬಿದ್ದಿದ್ದ ಲಡ್ಡು ಹಿಡಿದ ದಾರ” ಎಂದು ಡಾಕ್ಟರಮ್ಮ ಅದನ್ನು ತಟ್ಟೆಗೆ ಹಾಕಿದರು.

ದರ್ಜಿಗೆ ಮೈಯೆಲ್ಲ ಉರಿದುಹೋಯಿತು.

“ಲಡ್ಡು ದಾರಾನಾ? ಏನು ಮಾತು ಅಂತ ಆಡ್ತೀರಿ ಡಾಕ್ಟರಮ್ಮ! ಎಳೆದು ನೋಡಿ, ಕಿತ್ತುಬರುತ್ತಾ? ಕೋಳಿ ಹೊಟ್ಟೇಲಿ ನೆನೆದ್ರೂ ಒಂದು ಚೂರು ಬಣ್ಣ ಬಿಟ್ಟಿದೆಯಾ? ಈ ಕೆಂಪು ದಾರ ಬ್ಯಾಂಡಿನವರ ಕೋಟಿಂದು. ನೀಲಿದು ಶಾಲೆ ಮಕ್ಕಳ ಅಂಗೀದು. ಇಂಥ ದಾರ ಈ ಊರಲ್ಲಿ ನನ್ನೊಬ್ಬನ ಹತ್ರ ಬಿಟ್ರೆ...”

ದರ್ಜಿ ದಾರದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದ.

“ಕತ್ತರಿಸಿದ ದಾರಾನ ಕಿಟಕಿಯಿಂದ ಹಿತ್ತಿಲಿಗೆ ಎಸೀಬೇಡಿ ಅಂತ ಎಷ್ಟು ಬಡ್ಕೊಂಡೆ!” ಎಂದಳು ಹೆಂಡತಿ.

ಡಾಕ್ಟರಮ್ಮ ನಗು ತಡೆದುಕೊಂಡು, ಕೋಳಿಗೆ ಇನ್ನೇನೂ ಭಯವಿಲ್ಲವೆಂದು ಹೇಳಿ, ಗಾಯ ಹೊಲಿಯಲು ಸೂಜಿ ಎತ್ತಿಕೊಂಡರು.

“ಡಾಕ್ಟರಮ್ಮ,” ಹೆಂಡತಿ ಕಣ್ಣೊರೆಸಿಕೊಂಡಳು, “ಇವಳದ್ದು ಮುಗಿದ ಮೇಲೆ ಇವರ ಬಾಯಿಗೂ ನಾಲ್ಕು ಹೊಲಿಗೆ ಹಾಕ್ಬಿಡಿ. ದಾರ ಇವರದ್ದೇ ಇರ್ಲಿ, ಗಟ್ಟಿಯಂತಲ್ಲ!”