ಗವಿಯೊಳಗಿನ ತಂದೆಯ ಖುದ್ದು ಹಾಜರಿ

ಗಂಡು ಪ್ಲೆಕೋ ಮೀನು ಮೊಟ್ಟೆ ಕಾಯುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಗೃಹ ಸಾಕಣೆ ಇಲಾಖೆಯ ನಿಯಮಾವಳಿಯ ಪ್ರಕಾರ, ಅಧಿಕಾರಿಯ ಕಣ್ಣಿಗೆ ಬೀಳದ ಪ್ರಾಣಿ ಅಸ್ತಿತ್ವದಲ್ಲೇ ಇರುವುದಿಲ್ಲ. ಈ ಎರಡು ಸತ್ಯಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಮುಖಾಮುಖಿಯಾದವು. ನಡೆದದ್ದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳುತ್ತೇನೆ. ಎಲ್ಲಾದರೂ ಹೆಚ್ಚಾಗಿದ್ದರೆ ಅದು ಓದುವವರ ಅನುಕೂಲಕ್ಕಾಗಿ.

ಊಟದ ಮೇಜು ಎಂದೆನಲ್ಲ, ಅದರ ಮೇಲೆ ನಾವು ಊಟ ಮಾಡಿ ವರ್ಷಗಳಾಗಿವೆ. ಅಲ್ಲಿ ನನ್ನ ಭಾವಮೈದನ ಗಾಜಿನ ತೊಟ್ಟಿ ಇದೆ. ಭಾವಮೈದ ಎಂದರೆ ನನ್ನ ಹೆಂಡತಿಯ ತಮ್ಮ, ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ವಯಸ್ಸು ನಲವತ್ತು ದಾಟಿದೆ, ಮದುವೆ ಆಗಿಲ್ಲ, ವಾಸ ನಮ್ಮ ಮನೆಯಲ್ಲೇ. ಅವನ ಅಕ್ಕರೆಯೆಲ್ಲ ಪ್ಲೆಕೋಗಳ ಮೇಲೆ. ಗಾಜಿಗೆ, ಮರದ ತುಂಡಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವ ಕಂದು ಮೀನುಗಳು ಅವು. ಗಂಡಿಗೆ ಮೂತಿಯ ಮೇಲೆ ಪೊದೆಯಂಥ ಗಡ್ಡ. ಹೆಣ್ಣು ಮಣ್ಣಿನ ಕೊಳವೆಯೊಳಗೆ ಮೊಟ್ಟೆ ಇಟ್ಟು, ಇನ್ನು ನಿಮ್ಮ ಪಾಡು ಎಂಬಂತೆ ಹೊರಟುಬಿಡುತ್ತದೆ. ಗಂಡು ಕೊಳವೆಯ ಬಾಯಿಗೆ ಅಡ್ಡ ಕೂತು, ಊಟ ಬಿಟ್ಟು, ರೆಕ್ಕೆಯಲ್ಲಿ ಬೀಸುತ್ತಾ ಕಾಯುತ್ತದೆ. ಆಗ ಯಾರಾದರೂ ಟಾರ್ಚು ಬಿಟ್ಟು ಇಣುಕಿದರೆ ಅದಕ್ಕೆ ರೇಗುತ್ತದೆ. ಮೊಟ್ಟೆಗಳನ್ನೆಲ್ಲ ಹೊರಗೆ ನೂಕಿಬಿಡುತ್ತದೆ. ನೂಕಿದ ಮೊಟ್ಟೆ ಸಾಮಾನ್ಯವಾಗಿ ಉಳಿಯುವುದಿಲ್ಲ.

ಹಿಂದೆ ಹಲವು ಸಲ ಹೀಗೇ ಆಗಿತ್ತು. ಇಣುಕಿದವರು ಯಾರು ಎಂಬುದು ಇಲ್ಲಿ ಅಪ್ರಸ್ತುತ. ಕೊನೆಗೆ ನನ್ನ ಹೆಂಡತಿ ತಮ್ಮನಿಗೆ ಗಡುವು ಕೊಟ್ಟಳು.

"ಈ ಸಲನೂ ಮರಿ ಆಗ್ಲಿಲ್ಲ ಅಂದ್ರೆ ತೊಟ್ಟಿ ಮಾರಿಬಿಡ್ಬೇಕು. ನಂಗೆ ನನ್ನ ಮೇಜು ಬೇಕು ಕಣೋ."

"ಆಗತ್ತೆ ಅಕ್ಕ," ಎಂದ. ಆ ದನಿ ಕೇಳಿದರೆ ತೊಟ್ಟಿಯ ಜೊತೆಗೆ ಅವನನ್ನೂ ಮಾರುತ್ತಾರೇನೋ ಅನ್ನಿಸುತ್ತಿತ್ತು.

ಮೊಟ್ಟೆ ಬಂತು. ಕೊಳವೆಯೊಳಗೆ ಕಿತ್ತಳೆ ಬಣ್ಣದ ಗೊಂಚಲು. ಕೆಲವು ದಿನ ಅದರ ತಂಟೆಗೆ ಯಾರೂ ಹೋಗದಿದ್ದರೆ ಸಾಕಿತ್ತು. ಆದರೆ ಭಾವಮೈದ ಪ್ರಾಮಾಣಿಕ. ಈ ಕಾಯಿಲೆ ಅವನಿಗೆ ಉದ್ಯೋಗದಿಂದ ಬಂದದ್ದು. ಗೃಹ ಸಾಕಣೆ ಇಲಾಖೆಯ ನಿಯಮಾವಳಿ ಅಚ್ಚಾಗುವಾಗ ಅದರ ಕರಡು ತಿದ್ದಿದವನು ಅವನೇ. 'ಮನೆಯಲ್ಲಿ ಯಾವುದೇ ಪ್ರಾಣಿಯ ಸಂತಾನಾಭಿವೃದ್ಧಿ ಮಾಡಿಸುವವರು ಇಲಾಖೆಯ ಪರವಾನಗಿ ಪಡೆಯತಕ್ಕದ್ದು' ಎಂದು ಅದರಲ್ಲಿತ್ತು. ಆ ಪುಸ್ತಕವನ್ನು ಬರೆದವರೂ ಓದಿರಲಿಲ್ಲ. ಇವನು ಓದಿದ್ದ. ಹೋಗಿ ಅರ್ಜಿ ಕೊಟ್ಟು ಬಂದ.

ಇಲಾಖೆ ಹುಟ್ಟಿದಾಗಿನಿಂದ ಅದಕ್ಕೆ ಬಂದ ಮೊದಲ ಅರ್ಜಿ ಅದು. ಮಾರನೆಯ ದಿನವೇ ಪರಿಶೀಲನಾಧಿಕಾರಿಗಳು ಬಂದರು. ಸಣಕಲು ದೇಹ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಣಕೈ ಉದ್ದದ ಟಾರ್ಚು. ತಾಯಿ, ತಂದೆ ಇಬ್ಬರನ್ನೂ ಕಣ್ಣಾರೆ ಕಂಡು ಖಾತ್ರಿ ಮಾಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ತೊಟ್ಟಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳತಕ್ಕದ್ದು ಎಂಬ ನಿಯಮವನ್ನು ನಿಂತಲ್ಲೇ ಓದಿ ಹೇಳಿದರು. ಹೆಣ್ಣು ಮೀನು ಸೌತೆಕಾಯಿ ಹೋಳಿಗೆ ಅಂಟಿಕೊಂಡಿತ್ತು. 'ತಾಯಿ ಹಾಜರು, ಊಟ ಮಾಡುತ್ತಿದ್ದಾರೆ' ಎಂದು ಬರೆದುಕೊಂಡರು.

"ತಂದೆ ಎಲ್ಲಿ?"

"ಒಳಗಿದಾನೆ ಸಾರ್. ಈಗ ಕರೆಯೋಕಾಗಲ್ಲ."

"ಒಂದು ನಿಮಿಷ ಬಂದು ಮುಖ ತೋರಿಸಿ ಹೋಗ್ಲಿ."

"ಅವನು ಬಂದ್ರೆ ಮೊಟ್ಟೆ ಕೆಡತ್ತೆ ಸಾರ್."

"ಬರದಿದ್ರೆ ನನ್ನ ವರದಿ ಕೆಡತ್ತೆ," ಎಂದು ಅಧಿಕಾರಿಗಳು ಟಾರ್ಚು ಎತ್ತಿದರು.

ಭಾವಮೈದ ಜನ್ಮದಲ್ಲಿ ಯಾರಿಗೂ ಎದುರು ನಿಂತವನಲ್ಲ. ಬಸ್ಸಿನಲ್ಲಿ ತನ್ನ ಕಾಲು ತುಳಿದವರಲ್ಲೂ ತಾನೇ ಕ್ಷಮೆ ಕೇಳುವವನು. ಅಂಥವನು ಎರಡೂ ಕೈ ಅಗಲಿಸಿ ತೊಟ್ಟಿಗೆ ಅಡ್ಡ ನಿಂತುಬಿಟ್ಟ. ಅಧಿಕಾರಿಗಳು ಅವನನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಆಮೇಲೆ ಟಾರ್ಚು ಇಳಿಸಿ, ಇಂಥ ಮರಿಗೆ ಪೇಟೆಯಲ್ಲಿ ಏನು ಬೆಲೆ ಎಂದು ವಿಚಾರಿಸಿದರು. ಅವನು ಪ್ರಾಮಾಣಿಕವಾಗಿ ಹೇಳಿದ. ಕೇಳಿದ ಮೇಲೆ ಅವರ ಮುಖದಲ್ಲಿ ಜಲಚರಗಳ ಬಗ್ಗೆ ಪ್ರೀತಿ ಮೂಡಿದ್ದನ್ನು ನಾನೇ ಕಂಡೆ. ತಾವು ಲಂಚ ಮುಟ್ಟುವವರಲ್ಲವೆಂದೂ, ಮನೆಯಲ್ಲಿ ಮೀನಿದ್ದರೆ ಮಕ್ಕಳ ನಡತೆ ಸುಧಾರಿಸುತ್ತದೆಂದೂ, ಒಂದಷ್ಟು ಮರಿ ತೆಗೆದಿಡಬೇಕೆಂದೂ ತಿಳಿಸಿದರು. ಟಾರ್ಚು ಚೀಲದೊಳಗೆ ಹೋಯಿತು.

ಮರುದಿನ ಅವರ ಮೇಲಧಿಕಾರಿಗೂ ಮಕ್ಕಳಿರುವುದು ತಿಳಿದುಬಂತು. ಅದರ ಮರುದಿನ, ಮೇಲಧಿಕಾರಿಯ ಮೇಲಧಿಕಾರಿಗೆ ಮಕ್ಕಳ ಜೊತೆಗೆ ಎರಡು ಮನೆಗಳಿರುವುದೂ ತಿಳಿದುಬಂತು. ಹೀಗೆ ವಾರ ಮುಗಿಯುವ ಮೊದಲೇ, ಯಾರೂ ಎಣಿಸದ ಮೊಟ್ಟೆಗಳೆಲ್ಲ ಹಂಚಿಕೆಯಾದವು. ತನ್ನ ಆಸ್ತಿಯ ಬಗ್ಗೆ ಕಾಳಜಿಗೊಂಡ ಇಲಾಖೆ ನಮ್ಮ ಕಟ್ಟಡದ ಬಾಗಿಲಿಗೆ ಪ್ರಕಟಣೆ ಅಂಟಿಸಿತು:

'ಈ ಕಟ್ಟಡದ ಮೊದಲನೆಯ ಮಹಡಿಯಲ್ಲಿ ಇಲಾಖೆಯ ಹಿತಾಸಕ್ತಿಗೆ ಒಳಪಟ್ಟ ಮೊಟ್ಟೆಗಳಿರುವುದರಿಂದ, ನಿವಾಸಿಗಳು ಬಾಗಿಲು ಬಡಿಯುವುದನ್ನೂ, ಕುರ್ಚಿ ಎಳೆಯುವುದನ್ನೂ, ಸೀನುವುದನ್ನೂ ಈ ಮೂಲಕ ನಿಷೇಧಿಸಲಾಗಿದೆ. ಸೀನಲೇಬೇಕಾದವರು ಬೀದಿಗಿಳಿದು ಸೀನತಕ್ಕದ್ದು.'

ಮೇಲಿನ ಮನೆಯ ದರ್ಜಿಗೆ ನೆಗಡಿ. ಅವನು ಹೊಲಿಗೆ ಯಂತ್ರವನ್ನು ಬೀದಿಗೇ ಸಾಗಿಸಿದ. ಗಿರಾಕಿ ಹೆಚ್ಚಾದರು ಎಂದು ಇಲಾಖೆಗೆ ಕೃತಜ್ಞತೆ ಹೇಳಿದ.

ಆದರೆ ಕಡತದಲ್ಲಿ ತಂದೆಯ ಜಾಗ ಖಾಲಿ ಇತ್ತು. ತಂದೆಯನ್ನು ನೋಡದೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದೆ ಮರಿ ಸಿಗುವುದಿಲ್ಲ. ನೋಡಿದರೆ ಮರಿಯೇ ಇರುವುದಿಲ್ಲ. ಅಧಿಕಾರಿಗಳು ನಮ್ಮ ಸೋಫಾದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ಇನ್ನೊಂದು ದಿನ ಕಾಯುತ್ತೇನೆ, ಆಮೇಲೆ ತೊಟ್ಟಿ ಒಯ್ಯಲೇಬೇಕಾಗುತ್ತದೆ ಎಂದರು.

ಇಲ್ಲಿ ನಾನು ಸಾರ್ವಜನಿಕ ಹಿತದೃಷ್ಟಿಯಿಂದ ಬಾಯಿ ಹಾಕಿದೆ. ಗಂಭೀರವಾದ ಮುಖ ಮಾಡಿಕೊಂಡು ಏನಾದರೊಂದು ಹೇಳಿ, ಮುಂದೇನಾಗುತ್ತದೆ ಎಂದು ನೋಡುವ ಕುತೂಹಲ ನನಗೆ ಮೊದಲಿನಿಂದಲೂ ಇದೆ. ತಂದೆ ಬರಲಾಗದಿದ್ದರೆ ಪ್ರತಿನಿಧಿ ಬರಬಹುದಲ್ಲವೇ ಎಂದೆ. ಅವರು ನಗುತ್ತಾರೆಂದುಕೊಂಡಿದ್ದೆ. ಅವರು ಪುಸ್ತಕ ತಿರುವಿದರು.

"ಇದೆ. ತಾಯಿ ಒಪ್ಪಿದ್ರೆ, ಪ್ರತಿನಿಧಿ ಎಲ್ಲಾ ರೀತೀಲೂ ತಂದೆಗೆ ಸಮಾನ. ಆದ್ರೆ ತಾಯಿ ಸಹಿ ಬೇಕಲ್ಲ?"

ಹೆಣ್ಣು ಮೀನು ಎದುರಿನ ಗಾಜಿನ ಪಾಚಿಯ ಮೇಲೆ ಬಾಯಿ ಒತ್ತಿ ಗುಂಡಗೆ ಒಂದು ಗುರುತು ಮಾಡಿತ್ತು. ಅಧಿಕಾರಿಗಳು ಚೀಲದಿಂದ ಇಲಾಖೆಯ ಮೊಹರು ತೆಗೆದು ಪಕ್ಕದಲ್ಲಿ ಹಿಡಿದು ನೋಡಿ, ನಮ್ಮದಕ್ಕಿಂತ ಇದೇ ಸ್ಪಷ್ಟವಾಗಿದೆ ಎಂದು ಒಪ್ಪಿ, ಫೋಟೋ ತೆಗೆದುಕೊಂಡರು.

ಇನ್ನು ಪ್ರತಿನಿಧಿ. ಅವರು ಮೊದಲು ನನ್ನ ನುಣ್ಣನೆಯ ಕೆನ್ನೆ ನೋಡಿ ತಲೆಯಾಡಿಸಿದರು. ಭಾವಮೈದನ ಕಡೆ ತಿರುಗಿದರು. ಅರ್ಜಿ ಕೊಟ್ಟು ಬಂದಾಗಿನಿಂದ ಅವನು ಗಡ್ಡ ಹೆರೆದಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ, ಮೇಜಿನ ಪಕ್ಕದಿಂದ ಎದ್ದಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ರೇಗುತ್ತಿದ್ದ. ಅಧಿಕಾರಿಗಳಿಗೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

"ಒಂದೇ ಪ್ರಶ್ನೆ. ಇವು ನಿಮ್ಮ ಮಕ್ಕಳೇ?"

ಒಂದು ತಪ್ಪು ಅಲ್ಪವಿರಾಮವನ್ನೂ ಉಳಿಯಗೊಟ್ಟವನಲ್ಲ ನಮ್ಮ ಭಾವಮೈದ. ಅವನು ಕೊಳವೆಯ ಕಡೆ ನೋಡಿದ. ತೊಟ್ಟಿಯ ಪಂಪು ಗುಳುಗುಳು ಎನ್ನುತ್ತಿತ್ತು.

"ಹೌದು ಸಾರ್," ಎಂದ. "ನನ್ನವೇ."

ಅವನು ಹೇಳಿದ್ದು ಸುಳ್ಳೋ ಅಲ್ಲವೋ, ನಾನಿನ್ನೂ ತೀರ್ಮಾನಿಸಿಲ್ಲ. ನನ್ನ ಹೆಂಡತಿ ಸೆರಗಿನಲ್ಲಿ ಮೂಗೊರೆಸಿಕೊಂಡು, "ಅಂತೂ ನಿಂಗೂ ಮಕ್ಕಳಾದ್ವಲ್ಲೋ," ಎಂದಳು. ಪರವಾನಗಿ ಬಂತು. ಅದನ್ನು ನೋಡಿ ಮುದ್ರಣಾಲಯದವರು ಹೊಸ ತಂದೆಯರಿಗೆ ಸಲ್ಲುವ ರಜೆಯನ್ನೂ ಮಂಜೂರು ಮಾಡಿದರು.

ಮೊಟ್ಟೆಗಳು ಒಡೆದವು. ಹೊಟ್ಟೆಯಡಿ ಹಳದಿ ಬುತ್ತಿ ಕಟ್ಟಿಕೊಂಡ ಮರಿಗಳು, ಅದು ಕರಗಿದ ಮೇಲೆ ಒಂದೊಂದಾಗಿ ಹೊರಬಂದು ಗಾಜಿಗೆ ಅಂಟಿದವು. ಭಾವಮೈದ ಅವನ್ನು ನೋಡುತ್ತಾ ಉಸಿರಾಡುವುದನ್ನೂ ಮರೆತ. ಅದೇ ಹೊತ್ತಿಗೆ ಮೂವರೂ ಅಧಿಕಾರಿಗಳು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಆಗ ಅವನು ಮೊದಲ ಬಾರಿಗೆ ನಿಯಮಾವಳಿಯನ್ನು ತನ್ನ ಪರವಾಗಿ ಓದಿದ: 'ಮರಿಗಳು ದೊಡ್ಡವಾಗುವವರೆಗೆ ತಂದೆಯ ವಶದಲ್ಲೇ ಇರತಕ್ಕದ್ದು.' ದೊಡ್ಡವು ಎಂದರೆ ಎಷ್ಟು ದೊಡ್ಡವು ಎಂದು ಪುಸ್ತಕದಲ್ಲಿರಲಿಲ್ಲ. ಅದನ್ನು ನಿರ್ಧರಿಸಲು ಅಲ್ಲಿಯೇ ಒಂದು ಸಮಿತಿ ರಚನೆಯಾಯಿತು. ಅದು ಇನ್ನೂ ಚರ್ಚಿಸುತ್ತಿದೆ. ಅಲ್ಲಿಯವರೆಗೆ ತೊಟ್ಟಿಯನ್ನು ಮೇಜಿನಿಂದ ಕದಲಿಸುವುದು ಅಪರಾಧ.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಕೊಳವೆಯೊಳಗಿಂದ ಬಡಕಲಾದ ಗಡ್ಡದ ಮೀನೊಂದು ಹೊರಬಂತು. ಪರಿಶೀಲನಾಧಿಕಾರಿಗಳು ಕಡತ ನೋಡಿದರು. ತಾಯಿ ಇದ್ದಾಳೆ, ತಂದೆ ಕುರ್ಚಿಯಲ್ಲಿ ಕೂತಿದ್ದಾನೆ, ಮಕ್ಕಳಿವೆ.

"ಇದ್ಯಾರು ಮಧ್ಯದಲ್ಲಿ?" ಎಂದರು. ಸಂಬಂಧವಿಲ್ಲದ ವಯಸ್ಕರನ್ನು ತೊಟ್ಟಿಯಿಂದ ತೆರವುಗೊಳಿಸಬೇಕಾಗುತ್ತದೆ ಎಂದೂ ಹೇಳಿದರು.

ಭಾವಮೈದನ ಮುಖ ಬಿಳುಚಿತು. ಮಾತಾಡಿದ್ದು ನನ್ನ ಹೆಂಡತಿ, ಅಡುಗೆಮನೆಯ ಬಾಗಿಲಿನಿಂದ.

"ಮಕ್ಕಳ ಸೋದರಮಾವ ಸಾರ್ ಅದು. ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಅಕ್ಕನ ಮನೆಗೆ ಬಂದೋನು, ಹೋಗೇ ಇಲ್ಲ."

ಅಧಿಕಾರಿಗಳು ನಿಟ್ಟುಸಿರು ಬಿಟ್ಟು, "ನಮ್ಮನೇಲೂ ಒಬ್ಬ ಇದಾನೆ," ಎಂದರು. 'ಸೋದರಮಾವ, ಖಾಯಂ ವಾಸ' ಎಂದು ಬರೆದು ಮೊಹರು ಒತ್ತಿದರು.

ಈಗ ಮನೆಗೆ ಬಂದವರೆಲ್ಲ ತೊಟ್ಟಿಯ ಮುಂದೆ ಬಗ್ಗಿ, ಮಕ್ಕಳು ಯಾರ ಹಾಗಿವೆ ಎಂದು ಭಾವಮೈದನನ್ನು ಕೇಳುತ್ತಾರೆ. ಅವನು ಸುಳ್ಳು ಹೇಳುವವನಲ್ಲ. ಎಲ್ಲವೂ ಸೋದರಮಾವನ ಹಾಗೇ ಇವೆ ಎನ್ನುತ್ತಾನೆ. ಅದು ಎಷ್ಟೋ ಮನೆಗಳಲ್ಲಿ ಇರುವುದೇ ಎಂದು ಅವರೂ ತಲೆಯಾಡಿಸುತ್ತಾರೆ.